ವಿಸ್ತರಣಾ ಕಾರ್ಡ್ (ಹಳೆಯ ಮೇಜು ಗಣಕಗಳಲ್ಲಿ)

ವಿಸ್ತರಣಾ ಕಾರ್ಡ್ ಎಂದರೆ ಗಣಕಯಂತ್ರದ ಮದರ್‌ಬೋರ್ಡಿನ ಸ್ಲಾಟ್‌ನಲ್ಲಿ ಕೂರಿಸಿ, ಆ ಯಂತ್ರಕ್ಕೆ ಮೂಲತಃ ಇಲ್ಲದ ಸಾಮರ್ಥ್ಯವೊಂದನ್ನು ಕೊಡುವ ಮುದ್ರಿತ ವಿದ್ಯುನ್ಮಂಡಲದ ಹಲಗೆ. ಸ್ಮೃತಿಯನ್ನು ಹೆಚ್ಚಿಸುವುದು, ಹಾರ್ಡ್‌ಡಿಸ್ಕ್ ಅಥವಾ ಪ್ರಿಂಟರ್ ಜೋಡಿಸುವುದು, ಚಿತ್ರ ಮತ್ತು ಧ್ವನಿ ಒದಗಿಸುವುದು ಇದರ ಸಾಮಾನ್ಯ ಕೆಲಸಗಳು. 1980ರ ದಶಕದ ಕೊನೆಯಲ್ಲಿ ಭಾರತದ ಗಣಕಗಳಿಗೆ ಕನ್ನಡವೂ ಇಂಥದೊಂದು ಕಾರ್ಡಿನ ಮೂಲಕ ಬಂತು. ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಯಂತ್ರದಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸುತ್ತಿತ್ತು. ಈ ಲೇಖನವು 1981ರಿಂದ 2000ದ ಸುಮಾರಿನವರೆಗೆ ಬಳಕೆಯಲ್ಲಿದ್ದ ಐಬಿಎಂ ಪಿಸಿ ಮಾದರಿಯ ಮೇಜು ಗಣಕಗಳಿಗೆ ಸೀಮಿತವಾಗಿದೆ. ಪರಿಸರ ಮತ್ತು ಬಳಕೆಯ ವಿವರಗಳಿಗೆ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ಭಾಗಗಳನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಲೇಖನದುದ್ದಕ್ಕೂ ‘ಕಾರ್ಡ್’ ಎಂದರೆ ವಿಸ್ತರಣಾ ಹಲಗೆ, ‘ಸ್ಲಾಟ್’ ಎಂದರೆ ಅದು ಕೂರುವ ಸೀಳು, ‘ಬಸ್’ ಎಂದರೆ ಸ್ಲಾಟ್‌ಗಳನ್ನೂ ಸಂಸ್ಕಾರಕವನ್ನೂ ಕೂಡಿಸುವ ತಂತಿಗೆರೆಗಳ ಸಮೂಹ.

ಉಗಮ

ಐಬಿಎಂ ಕಂಪನಿ 1981ರ ಆಗಸ್ಟ್‌ನಲ್ಲಿ ಹೊರತಂದ 5150 ಸಂಖ್ಯೆಯ ವೈಯಕ್ತಿಕ ಗಣಕದಲ್ಲಿ 5 ಸ್ಲಾಟ್‌ಗಳಿದ್ದವು. ಪ್ರಿಂಟರ್, ಪರದೆ, ಫ್ಲಾಪಿ ಡ್ರೈವ್ ಯಾವುದಕ್ಕೂ ಮದರ್‌ಬೋರ್ಡಿನಲ್ಲಿ ನೇರ ಸಂಪರ್ಕ ಇರಲಿಲ್ಲ. ಪ್ರತಿಯೊಂದಕ್ಕೂ ಕಾರ್ಡ್ ಬೇಕಿತ್ತು. ಸ್ಲಾಟ್‌ನ ವಿನ್ಯಾಸವನ್ನು ಐಬಿಎಂ ತನ್ನ ತಾಂತ್ರಿಕ ಕೈಪಿಡಿಯಲ್ಲಿ ಪ್ರಕಟಿಸಿತು. ಇತರ ಕಂಪನಿಗಳು ಕಾರ್ಡ್ ತಯಾರಿಸಲು ಇದರಿಂದ ದಾರಿಯಾಯಿತು. 1983ರ ಎಕ್ಸ್‌ಟಿ ಮಾದರಿಯಲ್ಲಿ ಸ್ಲಾಟ್‌ಗಳು 8ಕ್ಕೆ ಏರಿದವು. 1984ರ ಎಟಿ ಮಾದರಿಯಲ್ಲಿ 8 ಬಿಟ್‌ಗಳ ಬಸ್ 16 ಬಿಟ್‌ಗಳಿಗೆ ಹಿಗ್ಗಿತು. ಈ ಬಸ್ಸಿಗೆ ಮುಂದೆ ಐಎಸ್‌ಎ ಎಂಬ ಹೆಸರು ನಿಂತಿತು.

ಭಾರತದಲ್ಲಿ 1984ರ ನವೆಂಬರ್‌ನ ಗಣಕ ನೀತಿ ಆಮದು ಮತ್ತು ತಯಾರಿಕೆಯ ನಿರ್ಬಂಧಗಳನ್ನು ಸಡಿಲಿಸಿತು. ಎಚ್‌ಸಿಎಲ್‌ನ ಬಿಸಿಬೀ, ವಿಪ್ರೋ ಮತ್ತು ಪಿಸಿಎಲ್ ಕಂಪನಿಗಳ ಯಂತ್ರಗಳು ಐಬಿಎಂ ಮಾದರಿಯನ್ನೇ ಅನುಸರಿಸಿದ್ದರಿಂದ ಒಂದಕ್ಕೆ ಕೊಂಡ ಕಾರ್ಡ್ ಸಾಮಾನ್ಯವಾಗಿ ಇನ್ನೊಂದಕ್ಕೂ ಹೊಂದುತ್ತಿತ್ತು. ಅದೇ ಕಾಲಕ್ಕೆ, 1984-85ರಲ್ಲಿ, ‘ಕ್ಲಾಸ್’ ಯೋಜನೆಯಡಿ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಯಂತ್ರಗಳು ಬೇರೆ ಜಾತಿಯವು. ಅವುಗಳ ಒಳವಿಸ್ತರಣೆ ಮುಖ್ಯವಾಗಿ ರೋಮ್ ಚಿಪ್ಪುಗಳನ್ನು ಸಾಕೆಟ್‌ಗೆ ಹಾಕುವುದರಿಂದ ಆಗುತ್ತಿತ್ತು.

ರಚನೆ

8 ಬಿಟ್ ಕಾರ್ಡಿನ ಕೆಳ ಅಂಚಿನಲ್ಲಿ ಎರಡೂ ಬದಿ ಸೇರಿ 62 ಲೋಹಪಟ್ಟಿಗಳಿರುತ್ತವೆ. 16 ಬಿಟ್ ಕಾರ್ಡಿನಲ್ಲಿ ಇನ್ನೂ 36 ಪಟ್ಟಿಗಳ ಎರಡನೆಯ ತುಂಡು ಇದ್ದು, ಒಟ್ಟು 98 ಆಗುತ್ತವೆ. ಇವುಗಳ ಮೂಲಕ ವಿಳಾಸ, ದತ್ತಾಂಶ, ನಿಯಂತ್ರಣ ಸಂಕೇತಗಳ ಜೊತೆಗೆ 5 ಮತ್ತು 12 ವೋಲ್ಟ್‌ಗಳ ಧನ, ಋಣ ವಿದ್ಯುತ್ತೂ ಹಾಯುತ್ತದೆ. ಒಂದು ತುದಿಯಲ್ಲಿ ಲೋಹದ ಬ್ರ್ಯಾಕೆಟ್ ಇರುತ್ತದೆ. ಅದು ಕಾರ್ಡನ್ನು ಡಬ್ಬಿಯ ಹಿಂಬದಿಗೆ ತಿರುಪಿನಿಂದ ಬಿಗಿದು ಭೂಸಂಪರ್ಕವನ್ನೂ ಕೊಡುತ್ತದೆ.

ಪ್ರತಿ ಕಾರ್ಡಿಗೂ ಯಂತ್ರದೊಳಗೆ ತನ್ನದೇ ಜಾಗ ಬೇಕು. ಆ ಜಾಗ ನಾಲ್ಕು ಬಗೆಯದು: ಪೋರ್ಟ್ ವಿಳಾಸ, ಸ್ಮೃತಿ ವಿಳಾಸ, ಅಡ್ಡಿಸಂಕೇತದ ಗೆರೆ ಮತ್ತು ನೇರ ಸ್ಮೃತಿ ಪ್ರವೇಶದ ಗೆರೆ. ಅಡ್ಡಿಸಂಕೇತದ ಗೆರೆಗಳಲ್ಲಿ 4 ಮತ್ತು 3 ಮೊದಲೆರಡು ಸರಣಿ ಪೋರ್ಟ್‌ಗಳಿಗೆ, 6 ಫ್ಲಾಪಿಗೆ, 7 ಪ್ರಿಂಟರಿಗೆ ಮೀಸಲು. 5ನೆಯದು ಎಕ್ಸ್‌ಟಿಯಲ್ಲಿ ಹಾರ್ಡ್‌ಡಿಸ್ಕಿಗೆ ಸೇರಿದ್ದು. ಎಟಿಯಲ್ಲಿ ಬಹುಮಟ್ಟಿಗೆ ಖಾಲಿ. ಎರಡು ಕಾರ್ಡ್‌ಗಳು ಒಂದೇ ಗೆರೆಯನ್ನೋ ವಿಳಾಸವನ್ನೋ ಹಿಡಿದರೆ ಒಂದು ಕೆಲಸ ಮಾಡುವುದಿಲ್ಲ, ಇಲ್ಲವೆ ಇಡೀ ಯಂತ್ರ ನಿಂತುಬಿಡುತ್ತದೆ. ಯಾವ ಗೆರೆ, ಯಾವ ವಿಳಾಸ ಎಂಬುದನ್ನು ಜೋಡಿಸುವವರೇ ಕಾರ್ಡಿನ ಮೇಲಿನ ಜಂಪರ್ ಅಥವಾ ಚಿಕ್ಕ ಸ್ವಿಚ್‌ಗಳಿಂದ ನಿಗದಿ ಮಾಡಬೇಕು. ಇದನ್ನು ತಾನಾಗಿಯೇ ಹೊಂದಿಸಿಕೊಳ್ಳುವ ವ್ಯವಸ್ಥೆ ಐಎಸ್‌ಎ ಕಾರ್ಡ್‌ಗಳಿಗೆ ಬಂದದ್ದು 1993ರಲ್ಲಿ.

ಕೆಲವು ಕಾರ್ಡ್‌ಗಳ ಮೇಲೆ ಸ್ವಂತ ರೋಮ್ ಇರುತ್ತದೆ. ಯಂತ್ರ ಚಾಲೂ ಆಗುವಾಗ ಬಯೋಸ್ ತಂತ್ರಾಂಶವು ನಿಗದಿತ ವಿಳಾಸವಲಯದಲ್ಲಿ ಇಂಥ ರೋಮ್‌ಗಳನ್ನು ಹುಡುಕಿ ಅವುಗಳಿಗೆ ಹತೋಟಿ ಒಪ್ಪಿಸುತ್ತದೆ. ಬಯೋಸ್‌ಗೆ ಮೊದಲು ಗೊತ್ತಿರದ ಹಾರ್ಡ್‌ಡಿಸ್ಕ್ ನಿಯಂತ್ರಕವನ್ನು ಹಳೆಯ ಯಂತ್ರವೂ ಗುರುತಿಸುವುದು ಹೀಗೆ.

ಬಗೆಗಳು

ಸ್ಮೃತಿ ಕಾರ್ಡ್‌ಗಳು ಮೊದಲ ದಿನಗಳಲ್ಲಿ ಅತಿ ಬೇಡಿಕೆಯವು. ಮದರ್‌ಬೋರ್ಡಿನಲ್ಲಿ 256 ಕಿಲೊಬೈಟ್ ಇದ್ದರೆ, 384 ಕಿಲೊಬೈಟ್‌ನ ಕಾರ್ಡ್ ಸೇರಿಸಿ ಡಾಸ್ ಬಳಸಬಲ್ಲ 640ರ ಮಿತಿಯನ್ನು ಮುಟ್ಟುತ್ತಿದ್ದರು. ಎಎಸ್‌ಟಿ ಕಂಪನಿಯ ಸಿಕ್ಸ್‌ಪ್ಯಾಕ್ ಪ್ಲಸ್ ಇದೇ ಕೆಲಸದ ಜೊತೆಗೆ ಸರಣಿ ಪೋರ್ಟ್, ಪ್ರಿಂಟರ್ ಪೋರ್ಟ್ ಮತ್ತು ಗಡಿಯಾರವನ್ನೂ ಒಂದೇ ಹಲಗೆಯಲ್ಲಿ ಕೊಟ್ಟಿತು. ಎಕ್ಸ್‌ಟಿಯಲ್ಲಿ ಬ್ಯಾಟರಿ ಗಡಿಯಾರ ಇಲ್ಲದ ಕಾರಣ, ಈ ಕಾರ್ಡ್ ಇಲ್ಲದಿದ್ದರೆ ದಿನವೂ ತಾರೀಖು ಟೈಪು ಮಾಡಬೇಕಿತ್ತು. 640ರ ಮಿತಿಯನ್ನು ದಾಟಲು 1985ರಲ್ಲಿ ಲೋಟಸ್, ಇಂಟೆಲ್ ಮತ್ತು ಮೈಕ್ರೊಸಾಫ್ಟ್ ಸೇರಿ ಇನ್ನೊಂದು ವಿಧಾನವನ್ನು ರೂಢಿಗೆ ತಂದವು. ಅದರಲ್ಲಿ 64 ಕಿಲೊಬೈಟ್‌ನ ಕಿಂಡಿಯೊಂದರ ಮೂಲಕ ಹೆಚ್ಚಿನ ಸ್ಮೃತಿಯನ್ನು 16 ಕಿಲೊಬೈಟ್‌ಗಳ ಹಾಳೆಗಳಾಗಿ ಸರದಿಯಲ್ಲಿ ತೋರಿಸಲಾಗುತ್ತದೆ.

ಪರದೆ ಕಾರ್ಡ್‌ಗಳಲ್ಲಿ ಎಂಡಿಎ, ಹರ್ಕ್ಯುಲಿಸ್, ಸಿಜಿಎ, ಇಜಿಎ, ವಿಜಿಎ ಎಂಬ ಪೀಳಿಗೆಗಳಿವೆ. ನಿಯಂತ್ರಕ ಕಾರ್ಡ್‌ಗಳು ಫ್ಲಾಪಿ ಮತ್ತು ಹಾರ್ಡ್‌ಡಿಸ್ಕ್‌ಗಳನ್ನು ನಡೆಸುತ್ತವೆ. ಸರಣಿ ಪೋರ್ಟ್ ಕಾರ್ಡಿಗೆ ಮೋಡೆಮ್, ಮೌಸ್ ಮಾತ್ರವಲ್ಲದೆ ವಿದ್ಯುನ್ಮಾನ ತೂಕದ ಯಂತ್ರವನ್ನೂ ಜೋಡಿಸಬಹುದು. ಧ್ವನಿ, ಜಾಲ ಮತ್ತು ವೇಗವರ್ಧಕ ಕಾರ್ಡ್‌ಗಳು ಉಳಿದ ಮುಖ್ಯ ಬಗೆಗಳು.

ಜಿಸ್ಟ್ ಕಾರ್ಡ್

ಕನ್ನಡ ಓದುಗರಿಗೆ ಎಲ್ಲಕ್ಕಿಂತ ಮುಖ್ಯವಾದ ವಿಸ್ತರಣಾ ಕಾರ್ಡ್ ಇದು. ಇದರ ಮೂಲ ಕಾನ್ಪುರದ ಐಐಟಿಯಲ್ಲಿ ನಡೆದ ದೇವನಾಗರಿ ಟರ್ಮಿನಲ್ ಸಂಶೋಧನೆಯಲ್ಲಿದೆ. ಅದರ ಮಾದರಿಯನ್ನು 1983ರಲ್ಲಿ ದೆಹಲಿಯಲ್ಲಿ ನಡೆದ ಮೂರನೆಯ ವಿಶ್ವ ಹಿಂದಿ ಸಮ್ಮೇಳನದಲ್ಲಿ ಪ್ರದರ್ಶಿಸಲಾಗಿತ್ತು. ಆ ತಂಡದಲ್ಲಿದ್ದ ಮೋಹನ್ ತಾಂಬೆ ಮುಂದೆ, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್‌ನಲ್ಲಿ ಈ ಕೆಲಸವನ್ನು ಮುಂದುವರಿಸಿದರು. ಬ್ರಾಹ್ಮಿಯಿಂದ ಹುಟ್ಟಿದ ಭಾರತೀಯ ಲಿಪಿಗಳಿಗೆಲ್ಲ ಒಂದೇ ಕಾರ್ಡ್ ಎಂಬುದು ಅಲ್ಲಿಂದ ಬಂದ ಫಲ.

ಕಾರ್ಡ್ ಏಕೆ ಬೇಕಾಯಿತು ಎಂಬುದಕ್ಕೆ ಕಾರಣ ಆ ಕಾಲದ ಪರದೆಯಲ್ಲಿದೆ. ಪಠ್ಯ ಸ್ಥಿತಿಯಲ್ಲಿ ಪಿಸಿಯ ಪರದೆ 80 ಕಂಬಸಾಲು, 25 ಅಡ್ಡಸಾಲುಗಳ ಚೌಕಗಳಿಂದ ಆಗಿತ್ತು. ಸಿಜಿಎಯಲ್ಲಿ ಒಂದು ಚೌಕಕ್ಕೆ 8 ಅಗಲ, 8 ಎತ್ತರದ ಚುಕ್ಕಿಗಳು ಮಾತ್ರ; ಇಜಿಎಯಲ್ಲಿ ಎತ್ತರ 14. ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತಕ್ಷರ ಇರುವ ಕನ್ನಡ ಅಕ್ಷರಕ್ಕೆ ಸಿಜಿಎ ಚೌಕ ಸಾಲದು. ಚೌಕಗಳಲ್ಲಿ ಮೂಡಿಸಬಹುದಾದ ಆಕಾರಗಳ ಸಂಖ್ಯೆಯೂ 256ಕ್ಕೆ ಸೀಮಿತ. ಒತ್ತಕ್ಷರ, ಗುಣಿತಗಳು ಕೂಡಿದ ಕನ್ನಡ ಅಕ್ಷರಗಳು ಅದಕ್ಕಿಂತ ಎಷ್ಟೋ ಹೆಚ್ಚು. ಈ ಅಕ್ಷರಗಳನ್ನು ಸಂಕೇತಗಳಿಂದ ಕಟ್ಟಿ ಚಿತ್ರವಾಗಿ ಬಿಡಿಸುವ ಹೊರೆಯನ್ನು 4.77 ಮೆಗಾಹರ್ಟ್ಸ್‌ನ ಸಂಸ್ಕಾರಕದ ಮೇಲೆ ಹೇರಿದರೆ ಉಳಿದ ಕೆಲಸ ಕುಂಟುತ್ತಿತ್ತು. ಜಿಸ್ಟ್ ಕಾರ್ಡ್ ಆ ಹೊರೆಯನ್ನು ತಾನು ಹೊತ್ತಿತು. ಹೀಗಾಗಿ ಇಂಗ್ಲಿಷಿಗಾಗಿ ಬರೆದ ವರ್ಡ್‌ಸ್ಟಾರ್, ಡಿಬೇಸ್, ಲೋಟಸ್ 1-2-3ರಂಥ ಪಠ್ಯ ಆಧಾರಿತ ತಂತ್ರಾಂಶಗಳು ತಿದ್ದುಪಡಿ ಇಲ್ಲದೆ ಕನ್ನಡವನ್ನು ಸ್ವೀಕರಿಸಿದವು. ಇದು ಈ ಕಾರ್ಡಿನ ನಿಜವಾದ ಸಾಧನೆ.

ಪಠ್ಯವನ್ನು ಕಡತದಲ್ಲಿ ಉಳಿಸಲು ಬಳಸುತ್ತಿದ್ದ ಸಂಕೇತ ಇಸ್ಕಿ. 1991ರಲ್ಲಿ ಇದು ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಇದರಲ್ಲಿ ಮೊದಲ 128 ಸ್ಥಾನಗಳು ಇಂಗ್ಲಿಷಿಗೆ. ಮೇಲಿನ ಅರ್ಧದಲ್ಲಿ ಭಾರತೀಯ ಅಕ್ಷರಗಳು. ಉಚ್ಚಾರದ ಕ್ರಮದಲ್ಲೇ ಅಕ್ಷರಗಳನ್ನು ಬರೆದಿಡುವುದು ಇದರ ತತ್ತ್ವ. ‘ಅಣ್ಣಿಗೇರಿ’ ಎಂಬ ಪದ ಅ, ಣ, ಹಲಂತ, ಣ, ಇಕಾರ, ಗ, ಏಕಾರ, ರ, ಇಕಾರ ಎಂದು 9 ಸಂಕೇತಗಳಾಗಿ ಕೂರುತ್ತದೆ. ಪರದೆಯ ಮೇಲೆ 4 ಅಕ್ಷರಗಳಾಗಿ ಕಾಣುತ್ತದೆ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತವಿರುವುದರಿಂದ ಕನ್ನಡದಲ್ಲಿ ದಾಖಲಿಸಿದ ಹೆಸರುಗಳ ಪಟ್ಟಿಯನ್ನು ಲಿಪಿ ಬದಲಿಸಿ ದೇವನಾಗರಿಯಲ್ಲೂ ತೋರಿಸಬಹುದಿತ್ತು. ಪಿಸಿಗಳಲ್ಲಿ ಗೆರೆ ಮತ್ತು ಚೌಕಟ್ಟಿನ ಚಿಹ್ನೆಗಳಿಗೆ ಜಾಗ ಉಳಿಸಿಕೊಂಡ ಪಿಸಿ-ಇಸ್ಕಿ ಎಂಬ ಇನ್ನೊಂದು ಹಂಚಿಕೆಯೂ ಇತ್ತು. ಹಳೆಯ ಕಡತ ತೆರೆಯುವವರು ಈ ವ್ಯತ್ಯಾಸವನ್ನು ಮೊದಲು ನೋಡಬೇಕು. ಕೀಲಿಮಣೆಯ ವಿನ್ಯಾಸ ಇನ್‌ಸ್ಕ್ರಿಪ್ಟ್. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ.

ಜೋಡಣೆ

ಜೋಡಣೆ ಶುರುವಾಗುವುದು ಕಾಗದದ ಮೇಲೆ. ಈಗಿರುವ ಕಾರ್ಡ್‌ಗಳು ಯಾವ ಗೆರೆ, ಯಾವ ವಿಳಾಸ ಹಿಡಿದಿವೆ ಎಂದು ಬರೆದುಕೊಂಡು, ಹೊಸ ಕಾರ್ಡಿಗೆ ಖಾಲಿ ಇರುವುದನ್ನು ಆರಿಸಬೇಕು. ಎಟಿ ಮಾದರಿಯ ಯಂತ್ರಗಳಲ್ಲಿ ಹಾರ್ಡ್‌ಡಿಸ್ಕಿನ ಮಾದರಿ ಸಂಖ್ಯೆ ಬ್ಯಾಟರಿ ಆಧಾರದ ಸಿಮಾಸ್ ಸ್ಮೃತಿಯಲ್ಲಿರುತ್ತದೆ. ಬ್ಯಾಟರಿ ಸತ್ತರೆ ಆ ಸಂಖ್ಯೆ ಅಳಿದು, ಸರಿಯಿರುವ ಡಿಸ್ಕೂ ತೆರೆಯದಂತಾಗುತ್ತದೆ. ಅದನ್ನು ಬರೆದಿಟ್ಟುಕೊಳ್ಳದೆ ಡಬ್ಬಿ ಬಿಚ್ಚಬಾರದು. ಎಕ್ಸ್‌ಟಿಯಲ್ಲಿ ಪರದೆಯ ಬಗೆ, ಸ್ಮೃತಿಯ ಗಾತ್ರ ಮತ್ತು ಫ್ಲಾಪಿಗಳ ಸಂಖ್ಯೆಯನ್ನು ಮದರ್‌ಬೋರ್ಡಿನ ಸ್ವಿಚ್‌ಗಳೇ ಹೇಳುತ್ತವೆ. ಕಾರ್ಡ್ ಬದಲಾದಾಗ ಅವನ್ನೂ ಬದಲಿಸಬೇಕು.

ಕರೆಂಟಿನ ಎಚ್ಚರಿಕೆ ನಂತರದ್ದು. ಗೋಡೆಯ ಪ್ಲಗ್ ಕಿತ್ತು, ಡಬ್ಬಿಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ತನ್ನು ಹರಿಯಬಿಡಬೇಕು. ಎಟಿ ಕಾಲದ ಹಲವು ಡಬ್ಬಿಗಳಲ್ಲಿ ಮುಂಭಾಗದ ಗುಂಡಿಯವರೆಗೆ 230 ವೋಲ್ಟ್‌ನ ನೇರ ತಂತಿ ಬರುತ್ತದೆ. ಗುಂಡಿ ಆರಿಸಿದ್ದರೂ ಪ್ಲಗ್ ಇದ್ದರೆ ಅಲ್ಲಿ ಜೀವಭಯವಿದೆ. ಹೊರದೇಶದಿಂದ ಬಂದ ಯಂತ್ರಗಳ ವಿದ್ಯುತ್ ಪೆಟ್ಟಿಗೆಯ ಹಿಂದೆ 115-230 ಆಯ್ಕೆಯ ಸ್ವಿಚ್ ಇದ್ದರೆ ಅದು 230ರಲ್ಲೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ಪಿಕ್ಚರ್ ಟ್ಯೂಬಿನ ಮಾನಿಟರನ್ನು ಈ ಕೆಲಸಕ್ಕೆ ಬಿಚ್ಚುವ ಅಗತ್ಯವೇ ಇಲ್ಲ. ಅದರೊಳಗೆ ಸಾವಿರಾರು ವೋಲ್ಟ್‌ಗಳು ಉಳಿದಿರಬಹುದು.

ಹಿಂಬದಿಯ ತಿರುಪುಗಳನ್ನು ಬಿಚ್ಚಿ ಹೊದಿಕೆಯನ್ನು ಜಾರಿಸಿ ತೆಗೆದ ಮೇಲೆ ಸ್ಲಾಟ್ ಆರಿಸಬೇಕು. 8 ಬಿಟ್ ಕಾರ್ಡ್ ಸಾಮಾನ್ಯವಾಗಿ 16 ಬಿಟ್ ಸ್ಲಾಟ್‌ನಲ್ಲೂ ಕೂರುತ್ತದೆ. ಕೆಲವು ಹಳೆಯ ಕಾರ್ಡ್‌ಗಳ ಕೆಳ ಅಂಚು ಮುಂದಕ್ಕೆ ಇಳಿಬಿದ್ದಿದ್ದು, ಎರಡನೆಯ ತುಂಡಿಗೆ ತಾಗಿ ಕೂರುವುದಿಲ್ಲ. ಐಬಿಎಂ ಎಕ್ಸ್‌ಟಿಯ 8ನೆಯ ಸ್ಲಾಟ್, ಅಂದರೆ ವಿದ್ಯುತ್ ಪೆಟ್ಟಿಗೆಯ ಪಕ್ಕದ್ದು, ಉಳಿದವುಗಳಂತಲ್ಲ. ಅಲ್ಲಿ ಕೂರುವ ಕಾರ್ಡ್ ವಿಶೇಷ ಸಂಕೇತವೊಂದನ್ನು ಕೊಡಬೇಕು. ಈ ಸಂಗತಿ ಗೊತ್ತಿಲ್ಲದೆ ಒಳ್ಳೆಯ ಕಾರ್ಡನ್ನು ಕೆಟ್ಟಿದೆ ಎಂದು ಎಸೆಯುವ ಸಾಧ್ಯತೆ ಇದೆ.

ಖಾಲಿ ಸ್ಲಾಟ್‌ನ ಮುಚ್ಚುಪಟ್ಟಿ ತೆಗೆದು, ಕಾರ್ಡನ್ನು ಅಂಚುಗಳಲ್ಲಿ ಹಿಡಿದು, ನೇರವಾಗಿ ನಿಲ್ಲಿಸಿ, ಎರಡೂ ತುದಿಗಳ ಮೇಲೆ ಸಮನಾಗಿ ಒತ್ತಬೇಕು. ಒಂದು ತುದಿ ಮೊದಲು ಇಳಿದರೆ ಪಟ್ಟಿಗಳು ಪಕ್ಕದ ಸಂಪರ್ಕಕ್ಕೆ ತಾಗಬಹುದು. ಒತ್ತುವಾಗ ಮದರ್‌ಬೋರ್ಡ್ ಬಾಗಿದರೆ ಬೆಸುಗೆ ಬಿರಿಯುತ್ತದೆ. ಬ್ರ್ಯಾಕೆಟ್ಟಿನ ತಿರುಪನ್ನು ಮರೆಯದೆ ಹಾಕಬೇಕು. ಕೈಜಾರಿದ ತಿರುಪು ಹಲಗೆಯ ಕೆಳಗೆ ಉಳಿದರೆ ಚಾಲೂ ಮಾಡಿದ ಕ್ಷಣ ಶಾರ್ಟ್ ಆಗುತ್ತದೆ. ಪಟ್ಟಿಕೇಬಲ್‌ಗಳ ಕೆಂಪು ಅಂಚು 1ನೆಯ ಕಡ್ಡಿಯ ಕಡೆಗಿರಬೇಕು. ಕೆಲಸಕ್ಕಾಗಿ ವಿದ್ಯುತ್ ಪೆಟ್ಟಿಗೆಯ ಎರಡು ಜೋಡುಗಳನ್ನು ಮದರ್‌ಬೋರ್ಡಿನಿಂದ ಕಳಚಿದ್ದರೆ, ಮರಳಿ ಹಾಕುವಾಗ ಕಪ್ಪು ತಂತಿಗಳು ನಡುವೆ ಒಂದರ ಪಕ್ಕ ಒಂದು ಬರಬೇಕು. ತಿರುಗಮುರುಗ ಆದರೆ ಮದರ್‌ಬೋರ್ಡ್ ಸುಡುತ್ತದೆ.

ಹೊದಿಕೆ ಹಾಕುವ ಮುನ್ನ ಪರೀಕ್ಷೆ. ಯಂತ್ರ ತನ್ನನ್ನು ತಪಾಸಿಸಿಕೊಂಡು ಐಬಿಎಂ ಮಾದರಿಯಲ್ಲಿ ಒಂದು ಚಿಕ್ಕ ಬೀಪ್ ಕೊಟ್ಟರೆ ಎಲ್ಲ ಸರಿ. 201 ಎಂದರೆ ಸ್ಮೃತಿಯ ದೋಷ, 301 ಕೀಲಿಮಣೆ, 601 ಫ್ಲಾಪಿ, 1701 ಹಾರ್ಡ್‌ಡಿಸ್ಕ್. ಕೊನೆಯದು ತಂತ್ರಾಂಶದ ಹಂತ: ಕಾರ್ಡಿನ ಚಾಲಕವನ್ನು ಡಾಸ್‌ನ ಕಾನ್‌ಫಿಗ್.ಸಿಸ್ ಅಥವಾ ಆಟೊಎಕ್ಸೆಕ್.ಬ್ಯಾಟ್ ಕಡತದಲ್ಲಿ ಸೇರಿಸುವುದು. 386 ಯಂತ್ರಗಳಲ್ಲಿ ಸ್ಮೃತಿ ವ್ಯವಸ್ಥಾಪಕವು ಕಾರ್ಡಿನ ವಿಳಾಸವಲಯವನ್ನು ಖಾಲಿಯೆಂದು ಭಾವಿಸಿ ಬಳಸಿಕೊಳ್ಳಬಹುದು. ಆ ವಲಯವನ್ನು ಹೊರಗಿಡುವ ಸೂಚನೆಯನ್ನು ಕಾನ್‌ಫಿಗ್.ಸಿಸ್ ಕಡತದಲ್ಲಿ ಬರೆಯಬೇಕು.

ಧಾರವಾಡ ಗ್ರಾಮಾಂತರದ ಪರಿಸರ

ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳದ ಬಹುಭಾಗ ಬೆಣ್ಣಿಹಳ್ಳದ ಆಸುಪಾಸಿನ ಎರೆ ಭೂಮಿ. ಬೇಸಿಗೆಯಲ್ಲಿ ಈ ಮಣ್ಣು ಸಣ್ಣ ಪುಡಿಯಾಗಿ ಡಬ್ಬಿಯ ಸಂದುಗಳೊಳಗೆ ಸೇರುತ್ತದೆ. ಎರೆ ಮಣ್ಣಿನ ಜೇಡಿ ತೇವ ಹೀರಿ ಹಿಡಿದಿಡುವ ಗುಣದ್ದು. ಮಳೆಗಾಲ ಬಂದಾಗ ಹಲಗೆಯ ಮೇಲಿನ ಧೂಳಿನ ಪದರ ಒದ್ದೆಯಾಗಿ, ಗೆರೆಗಳ ನಡುವೆ ವಿದ್ಯುತ್ ಸೋರಲು ಕಾರಣವಾಗುತ್ತದೆ. ಒಣ ಕುಂಚದಿಂದ ಧೂಳು ಕೊಡವುವುದು ಇಲ್ಲಿನ ಯಂತ್ರಗಳಿಗೆ ಜೋಡಣೆಯ ಮೊದಲ ಹೆಜ್ಜೆ. ಒದ್ದೆ ಬಟ್ಟೆ ಹಚ್ಚಿದರೆ ಪುಡಿ ಕೆಸರಾಗಿ ಸ್ಲಾಟ್‌ಗೆ ಇಳಿಯುತ್ತದೆ. ಚಳಿಗಾಲದ ಕೊನೆಯ ಒಣಹವೆಯಲ್ಲಿ ಸ್ಥಿರವಿದ್ಯುತ್ತಿನ ಅಪಾಯ ಹೆಚ್ಚು.

ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಧೂಳಿಗಿಂತ ತೇವದ ಕಾಟ ದೊಡ್ಡದು: ಕಾರ್ಡಿನ ಪಟ್ಟಿಗಳು ಮಂಕಾಗುತ್ತವೆ, ಸಾಕೆಟ್‌ನಲ್ಲಿರುವ ಚಿಪ್ಪುಗಳ ಕಾಲು ಕಿಲುಬು ಹಿಡಿಯುತ್ತದೆ, ಫ್ಲಾಪಿಗಳ ಮೇಲೆ ಬೂಷ್ಟು ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಪಟ್ಟಿಗಳನ್ನು ಒರೆಸುವುದು ಸರಿಯಾದ ಕ್ರಮ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ವ್ಯಾಪಕವಾಗಿದ್ದರೂ ಅದು ಚಿನ್ನದ ತೆಳು ಲೇಪನವನ್ನು ಸವೆಸುತ್ತದೆ. ಮತ್ತೆ ಮತ್ತೆ ಮಾಡುವಂಥದ್ದಲ್ಲ.

ಗ್ರಾಮೀಣ ವಿದ್ಯುತ್ ಮಾರ್ಗಗಳಲ್ಲಿ ವೋಲ್ಟೇಜ್ ಏರಿಳಿತ ಇದ್ದೇ ಇದೆ. ಸ್ಟೆಬಿಲೈಸರ್ ಅಥವಾ ಯುಪಿಎಸ್ ಮತ್ತು ನೀರುಣಿಸಿದ ಒಳ್ಳೆಯ ಅರ್ಥಿಂಗ್ ಗುಂಡಿ ಇಲ್ಲದ ಕಡೆ ಹೊಸ ಕಾರ್ಡ್ ಹಾಕುವುದು ವ್ಯರ್ಥ. ವಿದ್ಯುತ್ ಪೆಟ್ಟಿಗೆಯ ಶಕ್ತಿಯನ್ನೂ ಲೆಕ್ಕ ಹಾಕಬೇಕು: ಮೂಲ ಐಬಿಎಂ ಪಿಸಿಯದು 63.5 ವ್ಯಾಟ್, ಎಕ್ಸ್‌ಟಿಯದು 130 ವ್ಯಾಟ್.

ಬಳಕೆ

ಕಚೇರಿ, ಬ್ಯಾಂಕು, ಕಾಲೇಜು, ಮುದ್ರಣಾಲಯಗಳು ಹಳೆಯ ಯಂತ್ರವನ್ನು ಕೈಬಿಡದೆ ಹೊಸ ಕೆಲಸಕ್ಕೆ ಒಗ್ಗಿಸಲು ಕಾರ್ಡ್‌ಗಳನ್ನು ಬಳಸಿದವು. ಕನ್ನಡದ ಮಟ್ಟಿಗೆ ಯಂತ್ರಾಂಶದ ಪಾತ್ರ 1990ರ ದಶಕದಲ್ಲಿ ಕ್ರಮೇಣ ಕುಗ್ಗಿತು. ಕೆ. ಪಿ. ರಾವ್ ಅವರ ‘ಸೇಡಿಯಾಪು’ ತಂತ್ರಾಂಶ ಕಾರ್ಡಿನ ನೆರವಿಲ್ಲದೆಯೇ ಕನ್ನಡ ಬರೆಯುವ ದಾರಿ ತೋರಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಸಂಸ್ಕಾರಕದ ವೇಗ ಹೆಚ್ಚಿ, ವಿಂಡೋಸ್ ಪರದೆಯೇ ಚಿತ್ರರೂಪದ್ದಾದ ಮೇಲೆ ಅಕ್ಷರ ಬಿಡಿಸಲು ಬೇರೆ ಹಲಗೆ ಬೇಡವಾಯಿತು.

ಈ ಬದಲಾವಣೆ ರೈತರ ಕಣ್ಣಿಗೆ ಕಂಡದ್ದು ‘ಭೂಮಿ’ ಯೋಜನೆಯಲ್ಲಿ. 2000ದ ಆಸುಪಾಸಿನಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಪಹಣಿಗಳು ಗಣಕಕ್ಕೆ ಏರಿದವು. ನವಲಗುಂದ, ಕುಂದಗೋಳ, ಕಲಘಟಗಿಯ ತಹಶೀಲ್ದಾರ ಕಚೇರಿಗಳೂ ಇದರಲ್ಲಿ ಸೇರಿದ್ದವು. ಅಣ್ಣಿಗೇರಿ ಆಗ ನವಲಗುಂದ ತಾಲ್ಲೂಕಿನ ಭಾಗ. ಪ್ರತ್ಯೇಕ ತಾಲ್ಲೂಕಾದದ್ದು ನಂತರ. 15 ರೂಪಾಯಿ ಕೊಟ್ಟು ಪಡೆಯುತ್ತಿದ್ದ ಆ ಮುದ್ರಿತ ಪಹಣಿಯ ಕನ್ನಡಕ್ಕೂ ಸಿ-ಡ್ಯಾಕ್‌ನ ಜಿಸ್ಟ್ ಪರಂಪರೆಯೇ ಆಧಾರ; ಆದರೆ ಅಷ್ಟರಲ್ಲಿ ಅದು ಕಾರ್ಡಿನಿಂದ ತಂತ್ರಾಂಶಕ್ಕೆ ಇಳಿದಿತ್ತು.

ಇಂದಿನ ಸ್ಥಿತಿ

1992ರಲ್ಲಿ ಪಿಸಿಐ ಬಸ್ ಪ್ರಕಟವಾಯಿತು. 2000ದ ನಂತರದ ಸಾಮಾನ್ಯ ಮೇಜು ಗಣಕಗಳಲ್ಲಿ ಐಎಸ್‌ಎ ಸ್ಲಾಟ್ ಕಾಣಸಿಗುವುದಿಲ್ಲ. ಯುನಿಕೋಡ್‌ನ ಕನ್ನಡ ವಿಭಾಗ 1988ರ ಇಸ್ಕಿಯನ್ನು ಆಧರಿಸಿದ್ದು, 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಅಕ್ಷರಶೈಲಿಯೊಂದಿಗೆ ಅದನ್ನು ಸಾಮಾನ್ಯ ಬಳಕೆಗೆ ತಂದಿತು. ಜಿಸ್ಟ್ ಕಾರ್ಡ್ ಈಗ ಸಂಗ್ರಹದ ವಸ್ತು.

ಹಳೆಯ ಯಂತ್ರಗಳನ್ನು ಉಳಿಸಿಕೊಳ್ಳುವ ಹವ್ಯಾಸಿಗಳು ಹೊಸ ಕಾರ್ಡ್‌ಗಳನ್ನೂ ತಯಾರಿಸುತ್ತಿದ್ದಾರೆ. ಎಕ್ಸ್‌ಟಿ-ಐಡಿಇ ಎಂಬ ಮುಕ್ತ ವಿನ್ಯಾಸದ ಕಾರ್ಡ್ 8 ಬಿಟ್ ಸ್ಲಾಟ್‌ಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಸ್ಮೃತಿಯನ್ನು ಹಾರ್ಡ್‌ಡಿಸ್ಕಿನಂತೆ ಜೋಡಿಸುತ್ತದೆ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆ ಮತ್ತು ಊರೂರಿನ ಗುಜರಿ ಅಂಗಡಿಗಳೇ ಆಸರೆ. ವರ್ಷಗಟ್ಟಲೆ ಮುಚ್ಚಿಟ್ಟ ಯಂತ್ರವನ್ನು ನೇರವಾಗಿ ಚಾಲೂ ಮಾಡಬಾರದು: ಮದರ್‌ಬೋರ್ಡಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಗೆರೆಗಳನ್ನು ತಿಂದಿರಬಹುದು, ಟ್ಯಾಂಟಲಂ ಕೆಪಾಸಿಟರ್‌ಗಳು ಸಿಡಿಯಬಹುದು. ಕೆಟ್ಟ ಹಲಗೆಗಳಲ್ಲಿ ಸೀಸವಿರುವುದರಿಂದ ಅವುಗಳನ್ನು ಹೊಲದ ಬದುವಿನಲ್ಲಿ ಸುಡುವುದು ಮಣ್ಣಿಗೂ ಉಸಿರಿಗೂ ವಿಷ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ನೋಂದಾಯಿತ ಮರುಬಳಕೆದಾರರ ಮೂಲಕವೇ ವಿಲೇವಾರಿ ಆಗಬೇಕೆನ್ನುತ್ತವೆ.

ಯಂತ್ರಕ್ಕಿಂತ ಹೆಚ್ಚಿನ ಬೆಲೆ ಅದರ ಡಿಸ್ಕಿನಲ್ಲಿರುವ ಕನ್ನಡ ಕಡತಗಳಿಗಿರಬಹುದು. ಹಳೆಯ ಎಂಎಫ್‌ಎಂ ಡಿಸ್ಕ್‌ಗಳು ತಮ್ಮದೇ ನಿಯಂತ್ರಕ ಕಾರ್ಡಿನೊಂದಿಗೆ ಮಾತ್ರ ಓದಿಸಿಕೊಳ್ಳುತ್ತವೆ. ಡಿಸ್ಕನ್ನು ಬಿಚ್ಚಿ ಕಾರ್ಡನ್ನು ಗುಜರಿಗೆ ಕೊಟ್ಟರೆ ಎರಡೂ ನಷ್ಟ. ಮೊದಲ ಪೀಳಿಗೆಯ ಐಡಿಇ ಡಿಸ್ಕ್‌ಗಳನ್ನು ಇಂದಿನ ಯುಎಸ್‌ಬಿ ಜೋಡಕಗಳು ಹಲವು ಸಲ ಗುರುತಿಸುವುದಿಲ್ಲ. ಅಂಥಲ್ಲಿ ಹಳೆಯ ಯಂತ್ರವನ್ನೇ ನಡೆಸಿ ಸರಣಿ ಪೋರ್ಟ್ ಮೂಲಕ ಕಡತಗಳನ್ನು ಹೊರತೆಗೆಯುವುದು ನಂಬಲರ್ಹ ವಿಧಾನ. ಹಾಗೆ ಹೊರಬಂದ ಇಸ್ಕಿ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸುವುದು ಕಷ್ಟವಲ್ಲ, ಏಕೆಂದರೆ ಎರಡರಲ್ಲೂ ಅಕ್ಷರಗಳ ಕ್ರಮ ಬಹುಮಟ್ಟಿಗೆ ಒಂದೇ. ಸಂಘ, ಸಂಸ್ಥೆ, ಕಾಲೇಜುಗಳ ಕಪಾಟಿನಲ್ಲಿ ಇಂಥ ಯಂತ್ರ ಉಳಿದಿದ್ದರೆ ವಿಲೇವಾರಿಗೆ ಮುಂಚೆ ಡಿಸ್ಕಿನ ನಕಲು ತೆಗೆಯಬೇಕು. ಕಾರ್ಡ್‌ಗಳನ್ನು ಅವುಗಳ ಜಂಪರ್ ಸ್ಥಿತಿ ಬದಲಿಸದೆ ಕೈಪಿಡಿಗಳ ಜೊತೆ ಇಡಬೇಕು.